ಸರ್ಕಾರಿ ಭದ್ರತಾ ಕೆಲಸ ಬಿಟ್ಟು ಕಂಪನಿಗೆ ಸೇರುವುದು ಹೇಗೆ?

ಪೊಲೀಸ್, ಸೇನೆ, ಗುಪ್ತಚರ, ಸೈಬರ್ ಘಟಕ, ನೀವು ಎಲ್ಲಿಂದಲೇ ಬರುತ್ತಿರಿ, ಮನಸ್ಸಾದ ದಿನವೇ ರಾಜೀನಾಮೆ ಬರೆಯಬೇಡಿ. ಮೊದಲು ಸೇವಾ ನಿಯಮಗಳನ್ನು ತೆಗೆದು ಓದಿ. ಹಿರಿಯ ಹುದ್ದೆಯಲ್ಲಿದ್ದವರು ಕೆಲಸ ಬಿಟ್ಟ ಮೇಲೆ ಒಂದಷ್ಟು ಕಾಲ ಕೆಲವು ಕಂಪನಿಗಳಿಗೆ ಸೇರುವ ಹಾಗಿಲ್ಲ, ಸೇರಬೇಕಾದರೆ ಅನುಮತಿ ಬೇಕು ಎಂಬ ನಿಯಮ ಎಷ್ಟೋ ದೇಶಗಳಲ್ಲಿದೆ. ನೀವೇ ಟೆಂಡರ್ ನೋಡಿದ್ದ ಅಥವಾ ತಪಾಸಣೆ ಮಾಡಿದ್ದ ಕಂಪನಿಯಾದರೆ ಇನ್ನೂ ಹುಷಾರಾಗಿರಿ, ಮಾತುಕತೆ ಶುರುವಾಗುವ ಮುಂಚೆಯೇ ಇಲಾಖೆಗೆ ತಿಳಿಸಬೇಕಾಗಬಹುದು. ಪೂರ್ತಿ ಪಿಂಚಣಿಗೆ ಇನ್ನೆಷ್ಟು ತಿಂಗಳು ಬಾಕಿ ಅಂತಲೂ ಲೆಕ್ಕ ಹಾಕಿ. ಇಲಾಖೆಯ ಉತ್ತರ ಏನೇ ಇರಲಿ, ಬರಹದಲ್ಲಿ ಪಡೆಯಿರಿ. ಬಾಯಿಮಾತಿನ 'ತೊಂದರೆ ಇಲ್ಲ ಬಿಡಿ' ನಾಳೆ ನಿಮ್ಮ ನೆರವಿಗೆ ಬರುವುದಿಲ್ಲ.

ಎರಡನೆಯದು, ಯಾವ ಕೆಲಸ ಬೇಕು ಅಂತ ನಿರ್ಧರಿಸಿ. ಖಾಸಗಿ ಭದ್ರತೆ ಅಂದರೆ ಬರೀ ಗೇಟು, ಗಾರ್ಡು ಅಲ್ಲ. ವಂಚನೆಯ ತನಿಖೆ, ಮಾಹಿತಿ ಭದ್ರತೆ, ದೊಡ್ಡ ಅಧಿಕಾರಿಗಳ ರಕ್ಷಣೆ, ಬೇರೆ ದೇಶಗಳ ಅಪಾಯದ ವಿಶ್ಲೇಷಣೆ, ಅನಾಹುತವಾದರೂ ವ್ಯವಹಾರ ನಿಲ್ಲದಂತೆ ನೋಡಿಕೊಳ್ಳುವ ಯೋಜನೆ, ಎಲ್ಲವೂ ಇದರೊಳಗೇ ಬರುತ್ತವೆ. ಸರ್ಕಾರಕ್ಕೇ ಸೇವೆ ಮಾರುವ ಗುತ್ತಿಗೆ ಕಂಪನಿಗಳಲ್ಲಿ ಕೆಲಸ ಸಿಗುವುದು ಸುಲಭ. ಆದರೆ ಅದು ಅದೇ ಕಟ್ಟಡಕ್ಕೆ ಬೇರೆ ಬ್ಯಾಡ್ಜ್ ಹಾಕಿಕೊಂಡು ಹೋದ ಹಾಗೆ, ಬದಲಾವಣೆ ಬೇಕು ಅಂತ ಹೊರಟವರಿಗೆ ಬೇಗ ಬೇಜಾರಾಗುತ್ತದೆ.

ಇನ್ನು ರೆಸ್ಯೂಮೆ. ನನ್ನ ಪ್ರಕಾರ ಹೆಚ್ಚಿನವರು ಮುಗ್ಗರಿಸುವುದೇ ಇಲ್ಲಿ. ರ‍್ಯಾಂಕು, ಪದಕ, ಘಟಕದ ಹೆಸರು, ಸಾಲು ಸಾಲು ಸಂಕ್ಷಿಪ್ತ ಅಕ್ಷರಗಳು. ಎಚ್‌ಆರ್‌ನವರಿಗೆ ಇದರಲ್ಲಿ ಏನೂ ಅರ್ಥವಾಗುವುದಿಲ್ಲ, ಅರ್ಥವಾಗದ್ದನ್ನು ಅವರು ಪಕ್ಕಕ್ಕಿಡುತ್ತಾರೆ. ಪ್ರತಿ ಸಾಲಿನಲ್ಲೂ ಮೂರು ವಿಷಯ ಇರಲಿ: ಏನು ಅಪಾಯವಿತ್ತು, ನೀವು ಏನು ಮಾಡಿದಿರಿ, ಅದರಿಂದ ಏನು ಉಳಿಯಿತು. 'ವಲಯದ ಭದ್ರತೆಯ ಹೊಣೆ ಹೊತ್ತಿದ್ದೆ' ಅನ್ನುವ ಬದಲು 'ಹಲವು ಕಟ್ಟಡಗಳ ಪ್ರವೇಶ ವ್ಯವಸ್ಥೆಯನ್ನು ಒಂದೇ ಕಡೆಯಿಂದ ನಡೆಯುವಂತೆ ಮಾಡಿ, ರಾತ್ರಿ ಪಾಳಿಯ ಸಿಬ್ಬಂದಿಯನ್ನು ಕಡಿಮೆ ಮಾಡಿದೆ' ಅಂತ ಬರೆಯಿರಿ. ಗುಟ್ಟಿನ ಕೆಲಸವಾಗಿದ್ದರೆ ಊರು, ಹೆಸರು, ವಿಧಾನ ಬಿಟ್ಟುಬಿಡಿ. ಎಷ್ಟು ಜನರನ್ನು ನಡೆಸಿದಿರಿ, ಎಷ್ಟು ಬಜೆಟ್ ನೋಡಿಕೊಂಡಿರಿ ಅನ್ನುವುದನ್ನು ಸಾಮಾನ್ಯವಾಗಿ ಹೇಳಬಹುದು. ಅದನ್ನೂ ಮೊದಲು ಇಲಾಖೆಯಲ್ಲಿ ಕೇಳಿಕೊಳ್ಳಿ, ಏಕೆಂದರೆ ಗೋಪ್ಯತೆಯ ಕರಾರು ಕೆಲಸದ ಜೊತೆ ಮುಗಿಯುವುದಿಲ್ಲ.

ಸರ್ಟಿಫಿಕೇಟ್ ಬೇಕಾ? ಒಂದು ಸಾಕು, ರಾಶಿ ಹಾಕಬೇಡಿ. ಭದ್ರತಾ ನಿರ್ವಹಣೆಗೆ ಏಸಿಸ್ ಇಂಟರ್‌ನ್ಯಾಷನಲ್ ಎಂಬ ಭದ್ರತಾ ವೃತ್ತಿಪರರ ಸಂಘ ಕೊಡುವ ಸಿಪಿಪಿ, ವಂಚನೆ ತನಿಖೆಗೆ ಸಿಎಫ್‌ಇ, ಮಾಹಿತಿ ಭದ್ರತೆಗೆ ಸಿಐಎಸ್‌ಎಸ್‌ಪಿ. ಕೊನೆಯದಕ್ಕೆ ಅದರ ಪಠ್ಯದ 8 ವಿಷಯಗಳಲ್ಲಿ ಕನಿಷ್ಠ 2ರಲ್ಲಿ ಒಟ್ಟು 5 ವರ್ಷದ ಅನುಭವ ಬೇಕು, ಸರಿಯಾದ ಪದವಿ ಇದ್ದರೆ 1 ವರ್ಷ ರಿಯಾಯಿತಿ ಸಿಗುತ್ತದೆ. ನಿಮ್ಮ ಸರ್ಕಾರಿ ಅನುಭವವೂ ಲೆಕ್ಕಕ್ಕೆ ಬರಬಹುದು. ಕೆಲಸದಲ್ಲಿರುವಾಗಲೇ ಪರೀಕ್ಷೆ ಮುಗಿಸಿಕೊಳ್ಳಿ.

ಆಮೇಲೆ ಲಿಂಕ್ಡ್‌ಇನ್. ಪ್ರೊಫೈಲ್ ಇರಲಿ, ಆದರೆ ಯಾವ ರಹಸ್ಯ ದಾಖಲೆ ನೋಡುವ ಅಧಿಕಾರವಿತ್ತು ಅಂತ ಅಲ್ಲಿ ಜಂಬ ಕೊಚ್ಚಿಕೊಳ್ಳಬೇಡಿ. ಕೆವಿನ್ ಮ್ಯಾಲೊರಿ ಅಂತ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಮಾಜಿ ಅಧಿಕಾರಿ. 2017ರಲ್ಲಿ ಲಿಂಕ್ಡ್‌ಇನ್‌ನಲ್ಲೇ ಬಂದ ಒಂದು ಸಂಪರ್ಕ ಅವರನ್ನು ಚೀನಾದ ಗುಪ್ತಚರರ ಹತ್ತಿರ ಕರೆದುಕೊಂಡು ಹೋಯಿತು. 2019ರಲ್ಲಿ ಅವರಿಗೆ 20 ವರ್ಷ ಜೈಲು ಶಿಕ್ಷೆಯಾಯಿತು. ಯಾರೋ ಅಪರಿಚಿತರು ಸಣ್ಣ ವರದಿಗೆ ದೊಡ್ಡ ಹಣ ಕೊಡುತ್ತೇವೆ, ವಿದೇಶದಲ್ಲಿ ಭೇಟಿಯಾಗೋಣ ಅಂದರೆ ಉತ್ತರಿಸುವ ಗೋಜಿಗೇ ಹೋಗದೆ ಇಲಾಖೆಗೆ ತಿಳಿಸಿ. ನಿಮಗಿಂತ ಮೊದಲು ಇದೇ ದಾರಿಯಲ್ಲಿ ಹೋದ ಹಳೇ ಸಹೋದ್ಯೋಗಿಗಳನ್ನು ಮಾತಾಡಿಸುವುದು ಜಾಸ್ತಿ ಉಪಯೋಗ. ಕೆಲಸ ಕೇಳಬೇಡಿ, ಮೊದಲ ವರ್ಷ ಏನು ಕಷ್ಟವಾಯಿತು ಅಂತ ಕೇಳಿ.

ಸಂದರ್ಶನದಲ್ಲಿ ಸಾಹಸದ ಕಥೆ ಒಂದು ಸಾಕು. ನೀವೂ ಪ್ರಶ್ನೆ ಕೇಳಬೇಕು: ನಾನು ಯಾರಿಗೆ ವರದಿ ಮಾಡಬೇಕು, ಬಜೆಟ್ ಯಾರ ಕೈಯಲ್ಲಿದೆ, ನನಗಿಂತ ಮುಂಚೆ ಇದ್ದವರು ಯಾಕೆ ಬಿಟ್ಟರು? ಸಂಬಳದ ಅಂಕಿ ನೋಡಿ ಹಿಗ್ಗುವ ಮೊದಲು ಮನೆ, ವೈದ್ಯಕೀಯ ಸೌಲಭ್ಯ, ಪಿಂಚಣಿ, ರಜೆ ಎಲ್ಲವನ್ನೂ ವರ್ಷದ ಲೆಕ್ಕದಲ್ಲಿ ಎರಡೂ ಕಡೆ ಬರೆದು ನೋಡಿ. ಬೋನಸ್ಸನ್ನು ಖಚಿತ ಆದಾಯ ಅಂತ ಎಣಿಸಬೇಡಿ.

ಸೇರಿದ ಮೇಲೆ ನಿಜವಾದ ಕಷ್ಟ ಶುರು. ಸರ್ಕಾರದಲ್ಲಿ ನೀವು 'ಬೇಡ' ಅಂದರೆ ಕೆಲಸ ನಿಲ್ಲುತ್ತಿತ್ತು. ಇಲ್ಲಿ 'ಬೇಡ' ಅಂದರೆ, ಎಷ್ಟು ನಷ್ಟವಾಗುತ್ತದೆ, ತಡೆಯುವುದಕ್ಕೆ ಎಷ್ಟು ಖರ್ಚು ಅಂತ ಕೇಳುತ್ತಾರೆ. ಕೇಳುವುದು ಸರಿಯೇ, ಅಲ್ವಾ? ದುಡ್ಡು ಅವರದು. ಆದ್ದರಿಂದ ಯಾವ ಅಪಾಯ ಹೇಳಿದರೂ ಜೊತೆಗೆ ಎರಡು ಮೂರು ದಾರಿ, ಅವುಗಳ ಬೆಲೆ ಇಟ್ಟುಕೊಂಡು ಹೋಗಿ. ಅವರು ಅಗ್ಗದ್ದನ್ನು ಆರಿಸಿದರೆ ಅದನ್ನು ಬರಹದಲ್ಲಿ ದಾಖಲಿಸಿ, ಮುಂದಿನ ಕೆಲಸ ನೋಡಿ.

ಇನ್ನೊಂದು, ಹಳೆಯ ಅಧಿಕಾರ ನಿಮ್ಮ ಜೊತೆ ಬಂದಿರುವುದಿಲ್ಲ. 'ನಿಮಗೆ ಒಳಗಿನವರು ಗೊತ್ತಲ್ಲ, ಸುಮ್ನೆ ಒಂದು ಕಾಲ್ ರೆಕಾರ್ಡ್ ತರಿಸಿ' ಅಂತ ಬಾಸ್ ಕೇಳುವ ದಿನ ಬರಬಹುದು. 2006ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ನಿರ್ದೇಶಕ ಮಂಡಳಿಯಿಂದ ಸುದ್ದಿ ಸೋರುತ್ತಿದೆ ಅಂತ ತನಿಖೆ ನಡೆಯಿತು. ತನಿಖೆ ಮಾಡುವವರು ತಾವೇ ಆ ನಿರ್ದೇಶಕರು, ಪತ್ರಕರ್ತರು ಅಂತ ಸೋಗು ಹಾಕಿ ಅವರ ಫೋನ್ ದಾಖಲೆ ತೆಗೆಸಿದ್ದರು. ಅದು ಬಯಲಾಗಿ ಅಧ್ಯಕ್ಷೆ ಪೆಟ್ರಿಷಿಯಾ ಡನ್ ಹುದ್ದೆ ಬಿಡಬೇಕಾಯಿತು. ಅಂಥ ಕೋರಿಕೆ ಬಂದರೆ ಆಗುವುದಿಲ್ಲ ಅಂತ ವಾದಕ್ಕೆ ನಿಲ್ಲುವುದಕ್ಕಿಂತ, ಕಂಪನಿಯ ವಕೀಲರನ್ನೂ ಸೇರಿಸಿ ಇಮೇಲ್‌ನಲ್ಲಿ ಉತ್ತರ ಕೊಡಿ. ಹೆಚ್ಚಿನ ಸಲ ಕೋರಿಕೆ ಅಲ್ಲಿಗೇ ನಿಲ್ಲುತ್ತದೆ.