ಸರ್ಕಾರಕ್ಕೂ ಒಂದು ಗಡಿಕಲ್ಲು: ಹೆದ್ದಾರಿ ನೋಟಿಸಿನಿಂದ ಅಡಿಕೆ ಆಮದಿನವರೆಗೆ

ಜಮೀನಿನ ಗಡಿ ಗುರುತಿಸಲು ಮೋಜಣಿದಾರರು ಬರುತ್ತಾರೆ. ಸರ್ಕಾರದ ಅಧಿಕಾರಕ್ಕೂ ಗಡಿ ಇದೆ. ಅಲ್ಲಿ ಕಲ್ಲು ನೆಡುವ ಕೆಲಸ ಮಾತ್ರ ಪ್ರಜೆಗಳದ್ದೇ. ಉತ್ತರ ಕನ್ನಡಕ್ಕೆ ಈ ಕೆಲಸ ಹೊಸದಲ್ಲ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿದರು. ಆಮೇಲೆ ಅಂಕೋಲಾ, ಸಿದ್ದಾಪುರದ ರೈತರು ಕರನಿರಾಕರಣೆ ಮಾಡಿ ಜಮೀನು ಜಪ್ತಿಯಾದರೂ ಜಗ್ಗಲಿಲ್ಲ. ಸರ್ಕಾರದ ಅಧಿಕಾರ ಎಲ್ಲಿಯವರೆಗೆ ಎಂದು ಅವರು ಅಷ್ಟು ಬೆಲೆ ತೆತ್ತು ಕೇಳಿದ ಪ್ರಶ್ನೆಯನ್ನು ಇಂದು ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಕೇಳುವ ಕ್ರಮ ಮತ್ತು ಗಡುವು ಗೊತ್ತಿರಬೇಕು, ಅಷ್ಟೆ.

ಮಿತ ಸರ್ಕಾರ ಬೇಕು ಎಂದರೆ ಸರ್ಕಾರವೇ ಬೇಡ ಎಂದಲ್ಲ. ಕಳ್ಳತನ ತಡೆಯಲು ಪೊಲೀಸ್ ಬೇಕು, ವ್ಯಾಜ್ಯಕ್ಕೆ ಕೋರ್ಟು ಬೇಕು, ಕಡಲ ಗಡಿ ಕಾಯಲು ನೌಕಾಪಡೆ ಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಮೀನು ಹಿಡಿಯಬಾರದೆಂಬ ನಿಷೇಧವೂ ಸರಿಯೇ. ಸಮುದ್ರದ ಮೀನಿಗೆ ಒಡೆಯನಿಲ್ಲ, ಮರಿ ಮೀನು ಬಾಚಿಕೊಂಡವನ ನಷ್ಟವನ್ನು ಉಳಿದವರೆಲ್ಲ ಹೊರಬೇಕಾಗುತ್ತದೆ. ಆದರೆ ಯಾವ ಆದೇಶವೇ ಇರಲಿ, ಅದರ ಪ್ರತಿಯ ಮೇಲೆ ಪೆನ್ಸಿಲಿನಲ್ಲಿ ನಾಲ್ಕು ಪ್ರಶ್ನೆ ಬರೆದುಕೊಳ್ಳಿ: ಯಾವ ಕಾಯ್ದೆಯ ಯಾವ ಕಲಂ? ಅದರ ವ್ಯಾಪ್ತಿ ಎಲ್ಲಿಯವರೆಗೆ? ಎಷ್ಟು ದಿನಕ್ಕೆ? ದುಡ್ಡು ಯಾರದ್ದು? ಉತ್ತರ ಸಿಗದ ಜಾಗದಲ್ಲೇ ಅಧಿಕಾರ ಗಡಿ ದಾಟಿರುತ್ತದೆ.

ಕರಾವಳಿಯವರಿಗೆ ಹೆಚ್ಚು ಪರಿಚಿತವಾದ ಆದೇಶ ಭೂಸ್ವಾಧೀನದ್ದು. 1978ರ 44ನೇ ತಿದ್ದುಪಡಿಯ ನಂತರ ಆಸ್ತಿ ಮೂಲಭೂತ ಹಕ್ಕಲ್ಲ. 300ಎ ವಿಧಿಯ ಪ್ರಕಾರ ಕಾನೂನಿನ ಅಧಿಕಾರವಿಲ್ಲದೆ ಅದನ್ನು ಕಿತ್ತುಕೊಳ್ಳುವಂತಿಲ್ಲ ಎಂಬಷ್ಟು ರಕ್ಷಣೆ ಮಾತ್ರ ಉಳಿದಿದೆ. ಅದಕ್ಕೇ ಕಲಂ ಮತ್ತು ತಾರೀಖು ಇಷ್ಟು ಮುಖ್ಯ.

ರಾಷ್ಟ್ರೀಯ ಹೆದ್ದಾರಿ 66ರಂಥ ರಸ್ತೆಗೆ ಜಾಗ ತೆಗೆದುಕೊಳ್ಳುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ. ಮೊದಲು, ಜಾಗ ಬೇಕೆಂಬ ಉದ್ದೇಶ ತಿಳಿಸುವ ಕಲಂ 3ಎ ಅಧಿಸೂಚನೆ ಗೆಜೆಟ್‌ನಲ್ಲಿ ಬರುತ್ತದೆ. ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಒಂದಾದರೂ ಸ್ಥಳೀಯ ಭಾಷೆಯದ್ದಾಗಿರಬೇಕು. 3ಸಿ ಪ್ರಕಾರ ಆಕ್ಷೇಪಣೆಗೆ 21 ದಿನ. ಈ ದಿನಗಳ ಎಣಿಕೆ ಅಧಿಸೂಚನೆ ಪ್ರಕಟವಾದ ದಿನದಿಂದ, ನಿಮ್ಮ ಕೈಗೆ ಕಾಗದ ಬಂದ ದಿನದಿಂದಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಮುಂಬೈಯಲ್ಲಿರುವ ಅಣ್ಣನಿಗೆ ಫೋನು ಮಾಡಿ, ಹಬ್ಬಕ್ಕೆ ಬಂದಾಗ ನೋಡೋಣ ಎನ್ನುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಆಕ್ಷೇಪಣೆಯಲ್ಲಿ ‘ಜಾಗ ಕೊಡಲು ಇಷ್ಟವಿಲ್ಲ’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಸರ್ವೆ ನಂಬರು, ಹಿಸ್ಸಾ, ಗುಂಟೆ ಬರೆಯಿರಿ. ಬಾವಿ ಎಷ್ಟು ಅಡಿ ಆಳ, ಫಲ ಕೊಡುವ ತೆಂಗು ಎಷ್ಟು, ಮನೆಯ ಪಂಚಾಯಿತಿ ನಂಬರು ಏನು ಎಂದು ಕಾಣಿಸಿ. ರಸ್ತೆಯ ಇನ್ನೊಂದು ಬದಿ ಸರ್ಕಾರಿ ಜಾಗವಿದ್ದರೆ ಅದರ ಸರ್ವೆ ನಂಬರು ಕೊಟ್ಟು, ಅತ್ತ ಏಕೆ ಸರಿಸಬಾರದು ಎಂದು ಕೇಳಿ. ಖುದ್ದು ಅಥವಾ ವಕೀಲರ ಮೂಲಕ ಅಹವಾಲು ಹೇಳಿಕೊಳ್ಳುವ ಹಕ್ಕು ಕಾಯ್ದೆಯಲ್ಲೇ ಇದೆ, ಅದನ್ನೂ ಅರ್ಜಿಯಲ್ಲಿ ಕೇಳಿ. ಊರಿಗೆಲ್ಲ ಸೇರಿ ಒಂದೇ ಅರ್ಜಿ ಕೊಡುವ ಬದಲು ಪ್ರತಿ ಖಾತೆದಾರರೂ ಬೇರೆ ಬೇರೆ ಕೊಟ್ಟು, ಸೀಲು ಹಾಕಿದ ಸ್ವೀಕೃತಿ ಪಡೆಯಬೇಕು. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ವಂಶವೃಕ್ಷ ಜೋಡಿಸಿ, ಪೌತಿ ಖಾತೆಗೂ ಅದೇ ವಾರ ಅರ್ಜಿ ಹಾಕಿ. ಇಲ್ಲದಿದ್ದರೆ ಮುಂದೆ ಪರಿಹಾರದ ಹಣ ದಾಯಾದಿ ವ್ಯಾಜ್ಯದಲ್ಲಿ ಸಿಕ್ಕಿಬೀಳುತ್ತದೆ.

3ಎ ಆದ ಒಂದು ವರ್ಷದೊಳಗೆ ಜಾಗ ಸ್ವಾಧೀನಪಡಿಸಿಕೊಳ್ಳುವ 3ಡಿ ಘೋಷಣೆ ಬರದಿದ್ದರೆ ಮೊದಲಿನ ಅಧಿಸೂಚನೆ ಬಿದ್ದುಹೋಗುತ್ತದೆ. ಕೋರ್ಟಿನ ತಡೆಯಾಜ್ಞೆ ಇದ್ದ ಕಾಲವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. 3ಡಿ ಆದ ಗಳಿಗೆಯಿಂದ ಜಾಗ ಕೇಂದ್ರ ಸರ್ಕಾರದ್ದು. ಆಮೇಲೆ ಉಳಿಯುವುದು ಹೆಚ್ಚುಕಡಿಮೆ ದರದ ಮಾತೊಂದೇ.

ದರದ ಲೆಕ್ಕ 2013ರ ಭೂಸ್ವಾಧೀನ ಕಾಯ್ದೆಯ ಮೊದಲ ಅನುಸೂಚಿಯಂತೆ. ಐದು ಗುಂಟೆ ಜಾಗ, ಗುಂಟೆಗೆ ಒಂದು ಲಕ್ಷ ಎಂದು ಹಿಡಿಯೋಣ: 5 ಲಕ್ಷ. ಗ್ರಾಮೀಣ ಜಾಗಕ್ಕೆ 1ರಿಂದ 2ರೊಳಗಿನ ಗುಣಕ ಹಚ್ಚುತ್ತಾರೆ. ಅದು 1.5 ಆದರೆ 7.5 ಲಕ್ಷ. ಬಾವಿ, ತೆಂಗಿನ ಮರಗಳಿಗೆ 1 ಲಕ್ಷ ಸೇರಿಸಿದರೆ 8.5 ಲಕ್ಷ. ಇದರ ಮೇಲೆ ಶೇ 100ರ ಸಾಂತ್ವನ ಧನ (ಒಲ್ಲದಿದ್ದರೂ ಜಾಗ ಬಿಡಬೇಕಾದದ್ದಕ್ಕೆ ಕೊಡುವ ಹೆಚ್ಚುವರಿ ಹಣ), ಒಟ್ಟು 17 ಲಕ್ಷ. ಗುಣಕವನ್ನು ಬಿಟ್ಟು ಲೆಕ್ಕ ಹಾಕಿದರೆ 12 ಲಕ್ಷಕ್ಕೆ ನಿಲ್ಲುತ್ತದೆ. ಆದ್ದರಿಂದ ಐತೀರ್ಪಿನ, ಅಂದರೆ ಪರಿಹಾರ ನಿಗದಿ ಮಾಡಿದ ಆದೇಶದ, ಪ್ರತಿಯಲ್ಲಿ ಮೊದಲು ಹುಡುಕಬೇಕಾದ ಸಾಲು ಗುಣಕದ್ದು. ಮಾರುಕಟ್ಟೆ ಬೆಲೆಯ ಮೇಲೆ ವಾರ್ಷಿಕ ಶೇ 12ರ ಮೊತ್ತ ಸೇರಿದೆಯೇ ಎಂಬುದನ್ನೂ ನೋಡಿ.

ಗುಂಟೆಗೆ ಇಷ್ಟು ಎಂಬ ಮೂಲ ಬೆಲೆ ಬರುವುದು ಮಾರ್ಗಸೂಚಿ ದರದಿಂದ, ಇಲ್ಲವೇ ಹಿಂದಿನ ಮೂರು ವರ್ಷಗಳಲ್ಲಿ ಸುತ್ತಮುತ್ತ ನೋಂದಣಿಯಾದ ಕ್ರಯಪತ್ರಗಳ ಪೈಕಿ ಹೆಚ್ಚು ಬೆಲೆಯ ಅರ್ಧದಷ್ಟರ ಸರಾಸರಿಯಿಂದ. ಯಾವುದು ಹೆಚ್ಚೋ ಅದು. ಮುದ್ರಾಂಕ ಶುಲ್ಕ ಉಳಿಸಲು ಊರವರೆಲ್ಲ ಬೆಲೆ ಇಳಿಸಿ ಬರೆಸಿದ್ದರೆ ಆ ಸುಳ್ಳೇ ಇಲ್ಲಿ ಊರವರ ಕೊರಳಿಗೆ ಸುತ್ತಿಕೊಳ್ಳುತ್ತದೆ. ಉಪನೋಂದಣಾಧಿಕಾರಿ ಕಚೇರಿಯಿಂದ ಹೆಚ್ಚು ಬೆಲೆಯ ಕ್ರಯಪತ್ರಗಳ ದೃಢೀಕೃತ ನಕಲು ತೆಗೆಸಿಡಿ. ದರ ಒಪ್ಪಿಗೆಯಾಗದಿದ್ದರೆ 3ಜಿ ಅಡಿ ಮಧ್ಯಸ್ಥಗಾರರ ಮುಂದೆ ಹೋಗಬಹುದು. ಆದರೆ ಅವರನ್ನು ನೇಮಿಸುವುದೂ ಕೇಂದ್ರ ಸರ್ಕಾರವೇ. ಕೊಳ್ಳುವವನೇ ತಕ್ಕಡಿ ಹಿಡಿಯುವ ಈ ಪದ್ಧತಿ ಅನ್ಯಾಯ. ಗಡಿ ಬೇಕು ಎಂಬ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ದೇಶ ಕಾಯುವುದು ಸರ್ಕಾರದ ಮೊದಲ ಕರ್ತವ್ಯ, ನಿಜ. ಆದರೆ ಕಾರವಾರದ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದ ಮೇಲೆ ಪರಿಹಾರದ ವ್ಯಾಜ್ಯಗಳು ದಶಕಗಟ್ಟಲೆ ಎಳೆದವು. ಆ ಕರ್ತವ್ಯದ ಹೆಸರಿನಲ್ಲೂ ‘ದುಡ್ಡು ಯಾರದ್ದು’ ಎಂಬ ಪ್ರಶ್ನೆ ಬಿಡುವಂತಿಲ್ಲ.

ಪಂಚಾಯಿತಿಯ ಮಟ್ಟದಲ್ಲಿ ಕೆಲಸ ಹಗುರ. 15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ಶೇ 60 ನೀರು, ನೈರ್ಮಲ್ಯಕ್ಕೆ ಕಟ್ಟಿಟ್ಟದ್ದು, ಗ್ರಾಮಸಭೆಯ ಇಚ್ಛೆಗೆ ಬಿಟ್ಟದ್ದು ಶೇ 40. ಮಳೆಗಾಲದಲ್ಲಿ ಕಾಲುಸಂಕ ಕೊಚ್ಚಿಹೋಗುವ ಊರಿಗೆ ಏನು ಬೇಕೆಂದು ದೆಹಲಿಯಲ್ಲಿ ಕೂತು ತೀರ್ಮಾನಿಸುವುದು ಸರಿಯಲ್ಲ ಎಂದು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ. ಬಾಯಿಮಾತು ಸಭೆಯೊಂದಿಗೇ ಮುಗಿಯುತ್ತದೆ, ನಡಾವಳಿ ದಾಖಲೆಯಾಗಿ ಉಳಿಯುತ್ತದೆ.

ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಏಕೆ ಹೀಗೆ ಮಾಡಿದಿರಿ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ‘ಈ ಕಾಮಗಾರಿಯ ಅಂದಾಜುಪಟ್ಟಿ, ಅಳತೆ ಪುಸ್ತಕ ಮತ್ತು ಬಿಲ್ಲಿನ ದೃಢೀಕೃತ ನಕಲು’ ಎಂದು ಕೇಳಿ. 30 ದಿನದಲ್ಲಿ ಉತ್ತರವಿಲ್ಲದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

ಇನ್ನು ಹೊರದೇಶದ ವ್ಯವಹಾರ. ಶಿರಸಿ ಸೀಮೆಯವರಿಗೆ ಕಹಿಯೆನಿಸಿದರೂ ಹೇಳಲೇಬೇಕಾದ ಮಾತು ಇಲ್ಲಿದೆ. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು (ಅದಕ್ಕಿಂತ ಕಡಿಮೆಗೆ ಹೊರಗಿನಿಂದ ತರುವಂತಿಲ್ಲ) ಕೆಜಿಗೆ 251ರಿಂದ 351 ರೂಪಾಯಿಗೆ ಏರಿಸಿದರು. ಬೆಳೆಗಾರರಿಗೆ ನಿರಾಳವಾಯಿತು. ಆದರೆ ಅದಕ್ಕೆ ಕೆಲವೇ ತಿಂಗಳ ಹಿಂದೆ, 2022ರ ಸೆಪ್ಟೆಂಬರ್‌ನಲ್ಲಿ, ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಆ ಬೆಲೆಯ ಷರತ್ತೇ ಇಲ್ಲದೆ ತರಲು ಬಿಟ್ಟದ್ದೂ ಅಂಥದೇ ಒಂದು ಅಧಿಸೂಚನೆ. ಎರಡಕ್ಕೂ ಸಂಸತ್ತಿನಲ್ಲಿ ಮತ ಬೀಳಬೇಕಿರಲಿಲ್ಲ. ಬೇಲಿ ಕಟ್ಟುವ ಅಧಿಕಾರ ಒಂದು ಕಚೇರಿಯ ಕೈಗೆ ಕೊಟ್ಟ ಮೇಲೆ ದಣಪೆ ತೆಗೆಯುವ ಅಧಿಕಾರವೂ ಅದೇ ಕೈಯಲ್ಲಿರುತ್ತದೆ. ಜತೆಗೆ, ಒಳಗಿನ ಮತ್ತು ಹೊರಗಿನ ಬೆಲೆಯ ಅಂತರ ಹಿಗ್ಗಿದಷ್ಟೂ ಕಳ್ಳಸಾಗಣೆಗೆ ಲಾಭ ಹೆಚ್ಚು. ಹೆದ್ದಾರಿ ನೋಟಿಸಿಗೆ ಕೇಳಿದ ನಾಲ್ಕು ಪ್ರಶ್ನೆಗಳನ್ನು ನಮಗೆ ಅನುಕೂಲವಾದ ಆದೇಶಕ್ಕೂ ಕೇಳಬೇಕು.

ವಿದೇಶಗಳೊಂದಿಗಿನ ಒಪ್ಪಂದಗಳ ಕತೆಯೂ ಇದೇ. ಅವುಗಳಿಗೆ ಸಂಸತ್ತಿನ ಅನುಮೋದನೆ ಕಡ್ಡಾಯವೆಂಬ ನಿಯಮ ನಮ್ಮಲ್ಲಿಲ್ಲ. ಇರಬೇಕು. ಸದ್ಯಕ್ಕೆ ಇರುವ ದಾರಿ ಸಂಸದರ ಪ್ರಶ್ನೆ. ಲೋಕಸಭೆಯಲ್ಲಿ ಪ್ರಶ್ನೆಗೆ ಕನಿಷ್ಠ 15 ಪೂರ್ಣ ದಿನ ಮೊದಲೇ ಸೂಚನೆ ಕೊಡಬೇಕು. ಹಾಗಾಗಿ ಅಧಿವೇಶನ ಶುರುವಾಗುವ ತಿಂಗಳ ಮೊದಲೇ ಸಂಸದರ ಕಚೇರಿಗೆ ಪತ್ರ ಮುಟ್ಟಿಸಿ. ಪತ್ರ ಅರ್ಧ ಪುಟ ಮೀರದಿರಲಿ. ಅಧಿಸೂಚನೆಯ ಸಂಖ್ಯೆ, ತಾರೀಖು, ಅದು ಯಾವಾಗ ಮುಗಿಯುತ್ತದೆ, ಮರುಪರಿಶೀಲನೆ ಯಾರು ಮಾಡುತ್ತಾರೆ ಎಂಬ ಎರಡೇ ಪ್ರಶ್ನೆ, ಕೆಳಗೆ ನಿಮ್ಮ ವಿಳಾಸ. ಸ್ಪೀಡ್ ಪೋಸ್ಟಿನ ರಸೀದಿಯನ್ನು ಪತ್ರದ ನಕಲಿಗೆ ಪಿನ್ನು ಹಾಕಿ ಇಟ್ಟುಕೊಳ್ಳಿ.