ಓದಿದ್ದನ್ನೇ ಓದುವವರಿಂದ ನಡೆಯುತ್ತಿದೆ ನನ್ನ ಲೈಬ್ರರಿ

ಮಂಡ್ಯದಲ್ಲಿ ಕನ್ನಡ ಪುಸ್ತಕ ಬಾಡಿಗೆಗೆ ಕೊಟ್ಟು ಅಂಗಡಿ ಬಾಡಿಗೆ ಕಟ್ಟಬಹುದು ಅಂದರೆ ಈಗಲೂ ನಗುವವರಿದ್ದಾರೆ. ನಗಲಿ ಬಿಡಿ. ಒಂದು ವರ್ಷದಿಂದ ನನ್ನ ಸರ್ಕ್ಯುಲೇಟಿಂಗ್ ಲೈಬ್ರರಿ ನನ್ನ ಜೇಬಿಗೆ ಕೈ ಹಾಕಿಲ್ಲ. ಈ ಕಸುಬಿನ ನಾಲ್ಕಾರು ಜನ ಹೇಗೆ ಅಂತ ಕೇಳಿದ್ದರಿಂದ ಬರೆಯುತ್ತಿದ್ದೇನೆ. ಠೇವಣಿ, ರಿಜಿಸ್ಟರು, ರ್‍ಯಾಕು ಇವೆಲ್ಲ ನಿಮಗೂ ಗೊತ್ತಿರೋದೇ.

ಮೊದಲು ನಡೆಸಿದ್ದು ಹಳೇ ಲೆಕ್ಕದಲ್ಲೇ. ವಾರಕ್ಕೆ ಮುಖಬೆಲೆಯ ಶೇಕಡಾ 10 ಬಾಡಿಗೆ. ಹತ್ತು ಕೈ ದಾಟಿದರೆ ಅಸಲು ಬಂತು. ಆದರೆ ಹೊಸ ಪುಸ್ತಕ ಬಿಸಿಬಿಸಿಯಾಗಿ ಮೂರೋ ನಾಲ್ಕೋ ಕೈ ಓಡಾಡುತ್ತದೆ, ಆಮೇಲೆ ಯಾರೂ ಮುಟ್ಟುವುದಿಲ್ಲ. ಎರಡು ವರ್ಷಕ್ಕೆ ಸುಮಾರು ಒಂದೂಕಾಲು ಲಕ್ಷದ ಪುಸ್ತಕ ತಂದೆ. ಬಾಡಿಗೆ ಅಂತ ಬಂದದ್ದು ನಲವತ್ತು ಸಾವಿರ ಇರಬಹುದು. ಸದಸ್ಯರು ಬಿಟ್ಟುಹೋಗುವಾಗ ಹೇಳುತ್ತಿದ್ದ ಮಾತೂ ಒಂದೇ: 'ನಿಮ್ಮಲ್ಲಿರೋದೆಲ್ಲ ಓದಿ ಆಯ್ತು.'

ಆ ಮಾತಿನಲ್ಲೇ ದಾರಿ ಇತ್ತು. ಓದಿ ಆಗಿದ್ದನ್ನೇ ಯಾಕೆ ಕೊಡಬಾರದು? ವಾರದ ಬಾಡಿಗೆ ತೆಗೆದು ತಿಂಗಳಿಗೆ 150 ರೂಪಾಯಿ ಮಾಡಿದೆ. ಒಂದು ಸಲಕ್ಕೆ ಒಂದು ಪುಸ್ತಕ. ಆದರೆ ಒಮ್ಮೆ ಓದಿದ ಪುಸ್ತಕ ಮತ್ತೆ ಬೇಕಾದರೆ ಅದು ಲೆಕ್ಕಕ್ಕಿಲ್ಲ, ಜೊತೆಗೆ ಒಯ್ಯಬಹುದು, ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಬಹುದು. ಹೊಸ ಹೆಸರು ತರುವುದನ್ನು ಹೆಚ್ಚುಕಮ್ಮಿ ನಿಲ್ಲಿಸಿ, ಓಡುವ ಅರವತ್ತು ಪುಸ್ತಕಗಳಿಗೆ ಎರಡನೇ, ಮೂರನೇ ಪ್ರತಿ ತಂದೆ. 2024ರ ಡಿಸೆಂಬರಿನಲ್ಲಿ ಸಾಹಿತ್ಯ ಸಮ್ಮೇಳನ ನಮ್ಮೂರಿಗೇ ಬಂತಲ್ಲ, ಕೊನೆಯ ದಿನ ಸಂಜೆ ಮಳಿಗೆಗಳಲ್ಲಿ ಚೌಕಾಸಿ ಮಾಡಿ ಒಂದು ಆಟೋ ತುಂಬಾ ಹೊತ್ತು ತಂದೆ. ವಾಪಸ್ ಲಾರಿಗೆ ಹಾಕುವ ಹೊತ್ತಿನಲ್ಲಿ ಹೋದರೆ ರೇಟು ಬೇರೆ. ಇದಕ್ಕಿಂತ ಜಾಸ್ತಿ ಹೇಳಲ್ಲ.

ಪಕ್ಕದ ಝೆರಾಕ್ಸ್ ಅಂಗಡಿಯ ಗೆಳೆಯ, 'ಓದಿರೋದ್ನೇ ಓದಕ್ಕೆ ಯಾರ್ಲಾ ಕಾಸ್ ಕೊಟ್ಟಾರು?' ಅಂದ. ಇನ್ನೊಬ್ಬರು, ಮೇಷ್ಟ್ರಾಗಿ ನಿವೃತ್ತರಾದವರು, ಇನ್ನೂ ಗಟ್ಟಿ ಪ್ರಶ್ನೆ ಹಾಕಿದರು. 'ಮನೆ ಕಂದಾಯದ ಜೊತೆ ಶೇಕಡಾ 6 ಗ್ರಂಥಾಲಯ ಕರ ಕಟ್ತೀವಿ ಕಣಯ್ಯ. ಸರ್ಕಾರಿ ಲೈಬ್ರರಿ ಬಿಟ್ಟು ನಿನ್ನತ್ರ ಯಾಕೆ ಬರಬೇಕು?' ನಾನು ವಾದ ಮಾಡಲಿಲ್ಲ. ನಮ್ಮ ಹಳ್ಳಿಗಳಲ್ಲಿ ಶ್ರಾವಣ ಬಂದರೆ ಗದುಗಿನ ಭಾರತವನ್ನೋ ಜೈಮಿನಿ ಭಾರತವನ್ನೋ ಓದಿಸುತ್ತಿದ್ದರು. ಕಥೆ ಗೊತ್ತಿಲ್ಲ ಅಂತ ಯಾರಾದರೂ ಬಂದು ಕೂರುತ್ತಿದ್ದರಾ? ಆ ಮೇಷ್ಟ್ರು ಈಗ ನನ್ನ ಸದಸ್ಯರು, ಅದು ಬೇರೆ ವಿಷಯ.

ಹೊಡೆತ ಬಿದ್ದದ್ದು ಯಾರೂ ನೆನೆಸದ ಕಡೆ: ಬೈಂಡಿಂಗು. ಈಗಿನ ಪುಸ್ತಕಗಳ ಬೆನ್ನಿಗೆ ಬರೀ ಗೋಂದು. ಒಬ್ಬರು ಒಮ್ಮೆ ಓದಿ ಇಡುವುದಕ್ಕೆ ಸರಿ. ಐದನೇ ಕೈಗೆ ಹೋಗುವಾಗ ಹಾಳೆ ಉದುರುತ್ತವೆ. ಏಳುನೂರು ಪುಟ ದಾಟಿದ 'ಮಲೆಗಳಲ್ಲಿ ಮದುಮಗಳು' ಎರಡು ತಿಂಗಳಲ್ಲಿ ಮೂರು ಹೋಳಾಯಿತು. ಮೈಸೂರಿನ ಬೈಂಡರ್ ಒಬ್ಬರು ಪುಸ್ತಕಕ್ಕೆ 150 ಕೇಳಿದರು, ಮೂವತ್ತು ಪುಸ್ತಕ ಕೊಟ್ಟೆ. ಬದಿ ಕತ್ತರಿಸುವಾಗ ಅರ್ಧದಷ್ಟರಲ್ಲಿ ಅಕ್ಷರವನ್ನೂ ಸೇರಿಸಿ ಕತ್ತರಿಸಿಬಿಟ್ಟಿದ್ದರು. ನಾಲ್ಕು ಸಾವಿರದ ಮೇಲೆ ನೀರಿಗೆ ಹೋಯಿತು.

ಆಮೇಲೆ ನಾನೇ ಕೂತೆ. ಗೋಂದು ಕೆರೆದು, ಬೆನ್ನಿನ ಪಕ್ಕ ಸಣ್ಣ ಡ್ರಿಲ್ಲಿನಲ್ಲಿ ಐದು ತೂತು, ಮೇಣ ಸವರಿದ ದಾರ, ರಟ್ಟು, ಮೇಲೆ ಖಾದಿ ಬಟ್ಟೆ. ಅಂಟು ಮೈದಾದ್ದೇ, ಹುಳ ಬರದಿರಲಿ ಅಂತ ಹಳೇ ಬೈಂಡರುಗಳ ಹಾಗೆ ಚೂರು ಮೈಲುತುತ್ತ. ಅದು ವಿಷ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಎಲ್ಲಾ ಸೇರಿ ಪುಸ್ತಕಕ್ಕೆ ಐವತ್ತು, ಅರವತ್ತು ರೂಪಾಯಿ ಬೀಳುತ್ತದೆ. ತೂತನ್ನು ಬೆನ್ನಿನಿಂದ ಎಷ್ಟು ದೂರ ಹಾಕಬೇಕು ಅನ್ನುವುದರಲ್ಲೇ ಎಲ್ಲಾ ಇದೆ, ಅದನ್ನು ಬಂದು ನೋಡಿದವರಿಗೆ ಮಾತ್ರ ಹೇಳಿಕೊಡುತ್ತೇನೆ. ನಾನು ಹೊಲಿದ ಪುಸ್ತಕ ಇವತ್ತಿಗೂ ಒಂದೂ ಬಿಚ್ಚಿಲ್ಲ.

ಹಿಂದಿನ ರಟ್ಟಿಗೆ ಒಂದು ಚೀಟಿ ಅಂಟಿಸಿದ್ದೇನೆ. ಮೊದಲ ಸಲ ಓದಿದವರು ನೀಲಿಯಲ್ಲಿ ಒಂದು ಸಾಲು, ಎರಡನೇ ಸಲ ಓದಿದವರು ಕೆಂಪಿನಲ್ಲಿ ಒಂದು ಸಾಲು ಬರೆಯಬೇಕು. ಇದು ಇಷ್ಟು ಓಡುತ್ತದೆ ಅಂತ ನನಗೂ ಅಂದಾಜಿರಲಿಲ್ಲ. ಅದೇ 'ಮದುಮಗಳು' ಚೀಟಿ ನೋಡಿ. ನೀಲಿಯಲ್ಲಿ ಎಲ್ಲರೂ ಕಾದಂಬರಿಯ ನಾಯಿಗುತ್ತಿ ಅನ್ನೋ ಪಾತ್ರದ ಹಿಂದೆ, ಇಲ್ಲವೇ 'ಹೆಸರುಗಳು ನೆನಪಿರಲ್ಲ' ಅಂತ ದೂರು. ಕೆಂಪಿನಲ್ಲಿ ಗುತ್ತಿ ಹಿಂದೆ ಸರಿದು ಐತ, ಪೀಂಚಲು ಮುಂದೆ ಬರುತ್ತಾರೆ. ಮುಂದೇನು ಅನ್ನುವ ಅವಸರ ಇಲ್ಲದಾಗ ಕಣ್ಣು ಪಕ್ಕಕ್ಕೆ ಹೋಗುತ್ತದೆ. ಬೇರೆಯವರ ಕೆಂಪು ಸಾಲು ನೋಡಿಯೇ ಜನ ಎರಡನೇ ಸಲ ಕೇಳುತ್ತಾರೆ. ಆದರೆ ಯಾವ ಪುಸ್ತಕವನ್ನು ಯಾರಿಗೆ, ಎಷ್ಟು ತಿಂಗಳು ಬಿಟ್ಟು ಮತ್ತೆ ತೋರಿಸಬೇಕು? ಅದು ನನ್ನ ಅನ್ನ, ಇಲ್ಲಿ ಬರೆಯಲ್ಲ.

ಪತ್ತೇದಾರಿ ಕಾದಂಬರಿಗಳನ್ನೂ ಈ ಲೆಕ್ಕಕ್ಕೆ ತರಲು ನೋಡಿದೆ. ಕೊಲೆ ಮಾಡಿದವರು ಯಾರು ಅಂತ ಮೊದಲ ಪುಟದಲ್ಲೇ ಬರೆದಿಟ್ಟೆ, ಸುಳಿವು ಹುಡುಕಿಕೊಂಡು ಓದಲಿ ಅಂತ. ಒಬ್ಬ ಹುಡುಗ ಮಾತ್ರ ಕುಣಿದಾಡಿ ಓದಿದ, ಉಳಿದವರು ಬೈದರು. ಮೈಸೂರಿಗೆ ದಿನಾ ಟ್ರೈನಿನಲ್ಲಿ ಹೋಗುವ ಪಾಸಿನವರಿಗೆ ಅಂತ ಒಂದು ಚೀಲ ಪುಸ್ತಕ ಕಳಿಸಿದೆ. ಮುಕ್ಕಾಲು ಗಂಟೆ ದಾರಿ, ಅದರಲ್ಲಿ ಅರ್ಧ ನಿಂತೇ ಹೋಗಬೇಕು. ಚೀಲ ಹೋದ ಹಾಗೇ ಬಂತು. ಶನಿವಾರ ಸಂಜೆ ಒಬ್ಬ ಗಮಕಿಗಳನ್ನು ಕರೆಸಿ ಕುಮಾರವ್ಯಾಸನನ್ನು ಓದಿಸಿದ್ದು ಮಾತ್ರ ಹಿಡಿಯಿತು. ಸುಮ್ನೆ ಕೇಳಲು ಬಂದವರಲ್ಲಿ ಹತ್ತು ಹನ್ನೆರಡು ಜನ ಸದಸ್ಯರಾದರು.

ಈಗ ತೊಂಬತ್ತರ ಹತ್ತಿರ ಸದಸ್ಯರಿದ್ದಾರೆ. ಅಂಗಡಿ ಬಾಡಿಗೆ ಐದು ಸಾವಿರ, ಸಂಜೆ ನೋಡಿಕೊಳ್ಳುವ ಹುಡುಗಿಗೆ ನಾಲ್ಕು, ಕರೆಂಟು, ದಾರ, ರಟ್ಟು ಕಳೆದು ಮೂರು ಸಾವಿರದ ಆಚೀಚೆ ಕೈಗೆ ಉಳಿಯುತ್ತದೆ. ಇನ್ನೂ ಅಗ್ಗದ ಎರಡನೇ ಪ್ರತಿ ಸಿಗಬೇಕು, ಅದೊಂದೇ ಕೊರತೆ. ನಿಮ್ಮ ಲೈಬ್ರರಿಯಲ್ಲಿ ದಪ್ಪ ಕಾದಂಬರಿಗಳು ಎರಡೆರಡು ಪ್ರತಿ ಇದ್ದರೆ ಹೇಳಿ, ಹಾಳೆ ಉದುರಿದ್ದರೂ ಪರವಾಗಿಲ್ಲ. ಬದಲಿಗೆ ಕೊಡಲು ನನ್ನಲ್ಲಿ ಎರಡು ಮೂಟೆ ಪತ್ತೇದಾರಿ ಇದೆ. ಕೊಲೆ ಮಾಡಿದವರ ಹೆಸರು ಅಳಿಸಿಯೇ ಕೊಡುತ್ತೇನೆ.