ನೋಟ್ಸ್ ಬಿಟ್ಟು ವಿಭಾಗ ಪತ್ರ ಓದಿಸಲು ಶುರು ಮಾಡಿದ ಮೇಲೆ

ಉಡುಪಿ ಕೋರ್ಟಿನಲ್ಲಿ ಏಳು ವರ್ಷ ಪ್ರಾಕ್ಟೀಸ್ ಮಾಡಿ, ಆಮೇಲೆ ಮಂಗಳೂರಿನಲ್ಲಿ ಕಾನೂನು ಪಾಠ ಮಾಡಲು ಸೇರಿದವಳು ನಾನು. ಈಗ ಹದಿನೆಂಟು ವರ್ಷ ಆಯಿತು. ಮೊದಲೆಲ್ಲ ಸೆಕ್ಷನ್ ಓದಿ, ಬೋರ್ಡಿನ ಮೇಲೆ ಅಂಶಗಳನ್ನು ಬರೆದು, ಎರಡು ತೀರ್ಪು ಹೇಳಿ ನೋಟ್ಸ್ ಬರೆಸುತ್ತಿದ್ದೆ. ಮಕ್ಕಳು ಪಾಸಾಗುತ್ತಿದ್ದರು. ಆದರೆ ವಕೀಲಿಕೆಯ ಸನ್ನದು ಸಿಕ್ಕಿ ಆರು ತಿಂಗಳಿಗೆ ಫೋನ್ ಬರುತ್ತಿತ್ತು, 'ಮೇಡಂ, ಈ ಪಹಣಿ ಹೇಗೆ ಓದೋದು?' ಐದು ವರ್ಷ ನಮ್ಮ ಹತ್ತಿರ ಕಲಿತವರು ಕೇಳುವ ಪ್ರಶ್ನೆ ಅಲ್ಲ ಅದು. ಅಂದರೆ ನಾವು ಕಲಿಸಿಲ್ಲ.

2024ರ ಜುಲೈ 1ರಂದು ಐಪಿಸಿ (ಭಾರತೀಯ ದಂಡ ಸಂಹಿತೆ) ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಆಗ ನನ್ನ ಹಳೇ ನೋಟ್ಸಿನ ಗತಿ ಏನೆಂದು ಗೊತ್ತಾಯಿತು. 511 ಸೆಕ್ಷನ್ 358 ಆದವು. ಕೊಲೆಗೆ 302 ಇದ್ದದ್ದು 103 ಆಯಿತು, ವಂಚನೆಯ 420 ಈಗ 318(4). ಆ ದಿನಕ್ಕಿಂತ ಮೊದಲು ನಡೆದ ಅಪರಾಧಕ್ಕೆ ಹಳೇ ಐಪಿಸಿಯೇ ನಡೆಯುತ್ತದೆ, ಹಾಗಾಗಿ ಇನ್ನೂ ಎಷ್ಟೋ ವರ್ಷ ಎರಡನ್ನೂ ಕಲಿಸಬೇಕು. ನಂಬರ್ ಬಾಯಿಪಾಠ ಮಾಡಿಸುವುದನ್ನು ನಾನು ಅವತ್ತೇ ಬಿಟ್ಟೆ. ಅದು ಮೊಬೈಲಿನಲ್ಲಿ ಸಿಗುತ್ತದೆ.

ಬದಲಿಗೆ ಕಾಗದ ತರಲು ಶುರು ಮಾಡಿದೆ. ಪರಿಚಯದ ವಕೀಲರ ಹತ್ತಿರ ಹಳೇ ಫೈಲ್ ಕೇಳಿ ತಂದು, ಹೆಸರು, ಊರು, ಸರ್ವೆ ನಂಬರ್ ಎಲ್ಲ ಕಪ್ಪು ಶಾಯಿಯಲ್ಲಿ ಅಳಿಸಿ, ಜೆರಾಕ್ಸ್ ಮಾಡಿಸಿ ಹಂಚುತ್ತೇನೆ. ಮೊದಲನೇ ಸಲ ಹಂಚಿದ್ದು 1952ರ ಒಂದು ವಿಭಾಗ ಪತ್ರ, ಅಂದರೆ ಕುಟುಂಬದ ಆಸ್ತಿ ಪಾಲು ಮಾಡಿಕೊಂಡ ದಾಖಲೆ. ಅಳಿಯಸಂತಾನ, ಅಂದರೆ ತಾಯಿಯ ಕಡೆಯಿಂದ ವಂಶ ಮತ್ತು ಆಸ್ತಿ ನಡೆಯುವ ಕುಟುಂಬದ್ದು. 'ಮನೆಗೆ ಹೋಗಿ ಓದಿ, ಎಐ ಬೇಕಾದರೂ ಬಳಸಿ, ಈ ಪತ್ರದಲ್ಲಿ ಪಾಲು ಪಡೆದ ಹೆಂಗಸಿಗೆ ಸಿಕ್ಕಿದ ಹಕ್ಕು ಎಂಥದ್ದು ಹೇಳಿ' ಎಂದೆ.

ಮರುದಿನ ಇಪ್ಪತ್ತಕ್ಕೂ ಜಾಸ್ತಿ ಉತ್ತರ ಒಂದೇ ತರ ಇದ್ದವು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ, ಮಗಳಿಗೂ ಸಮಪಾಲು, ಪಿತ್ರಾರ್ಜಿತ ಆಸ್ತಿ. ಓದಲು ಚೆಂದ ಇತ್ತು. ಆದರೆ ಆ ತಿದ್ದುಪಡಿ ಮಿತಾಕ್ಷರ, ಅಂದರೆ ತಂದೆಯ ಕಡೆಯಿಂದ ವಂಶ ನಡೆಯುವ ಕುಟುಂಬದ್ದು. ನಮ್ಮ ಪತ್ರದ ಎರಡನೇ ಪುಟದಲ್ಲಿ 'ನಿಸ್ಸಂತತಿ ಕವರು' (ವಂಶ ಮುಂದುವರಿಸುವ ಹೆಂಗಸು ಇಲ್ಲದ ಕುಟುಂಬದ ಕವಲು) ಎಂದು ಸ್ಪಷ್ಟವಾಗಿ ಬರೆದಿತ್ತು, ಅದನ್ನು ಯಾರೂ ನೋಡಿರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲಿ, ಕುಟುಂಬದಲ್ಲಿ ಸಂತತಿ ಕವರು ಇದ್ದರೆ ನಿಸ್ಸಂತತಿ ಕವರಿಗೆ ಪಾಲಿನಲ್ಲಿ ಬಂದ ಆಸ್ತಿಯ ಮೇಲೆ ಜೀವಾವಧಿ ಹಕ್ಕು ಮಾತ್ರ, ಅಂದರೆ ಬದುಕಿರುವಷ್ಟು ದಿನ ಅನುಭವಿಸುವ ಹಕ್ಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆ ಹಕ್ಕು ಏನಾಯಿತು ಎಂಬ ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. ಈಗಲೂ ನಮ್ಮ ಕರಾವಳಿಯ ಎಷ್ಟೋ ಮನೆಗಳ ದಾವೆ ನಿಂತಿರುವುದು ಇಂಥ ಒಂದು ಶಬ್ದದ ಮೇಲೆ.

ಮೂರು ಉತ್ತರಗಳಲ್ಲಂತೂ ಅಸ್ತಿತ್ವದಲ್ಲೇ ಇಲ್ಲದ ತೀರ್ಪಿನ ಹೆಸರೂ ಇತ್ತು. ನಾನು ಬೈಯಲಿಲ್ಲ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಹೀಗೇ ಚಾಟ್‌ಜಿಪಿಟಿ ಕೊಟ್ಟ ಸುಳ್ಳು ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡ ಕಟ್ಟಿದ್ದನ್ನು ಹೇಳಿ, ಕ್ಲಾಸಿನಲ್ಲೇ ಇ-ಎಸ್‌ಸಿಆರ್ ಜಾಲತಾಣ ತೆರೆದು ಒಂದೊಂದೇ ಹೆಸರು ಹುಡುಕಿಸಿದೆ. ಸುಪ್ರೀಂ ಕೋರ್ಟಿನ ವರದಿಗಳು ಅಲ್ಲಿ ಪುಕ್ಕಟೆ ಸಿಗುತ್ತವೆ. ಎಐ ಬಳಸಬೇಡಿ ಎಂದು ನಾನು ಇವತ್ತಿಗೂ ಹೇಳುವುದಿಲ್ಲ, ನಾಳೆ ಆಫೀಸಿನಲ್ಲಿ ಅವರು ಅದನ್ನು ಬಳಸುವವರೇ. ಆದರೆ ಮೂಲ ತೀರ್ಪು ತೆರೆದು ಪ್ಯಾರಾ ತೋರಿಸದಿದ್ದರೆ ಆಂತರಿಕ ಅಂಕ ಇಲ್ಲ.

ಇನ್ನೊಂದು ಬದಲಾವಣೆ ಕಾನೂನು ನೆರವು ಶಿಬಿರದಲ್ಲಿ ಮಾಡಿದ್ದು. ಮೊದಲು ನಾವು ಹಳ್ಳಿಗೆ ಹೋಗಿ ಭಾಷಣ ಮಾಡಿ, ಫೋಟೋ ತೆಗೆಸಿ ಬರುತ್ತಿದ್ದೆವು. ಈಗ ಭಾಷಣ ಇಲ್ಲ. ಒಬ್ಬ ವಿದ್ಯಾರ್ಥಿ, ಒಂದು ಬೆಂಚು, ಎದುರಿಗೆ ಒಬ್ಬರು. ಮೊದಲ ಹತ್ತು ನಿಮಿಷ ಪೆನ್ನು ತೆಗೆಯುವಂತಿಲ್ಲ, ಸುಮ್ನೆ ಕೇಳಬೇಕು, ಅವರ ಮನೆಮಾತಿನಲ್ಲೇ. ತುಳು, ಬ್ಯಾರಿ, ಕೊಂಕಣಿ ಬರುವ ಮಕ್ಕಳನ್ನು ಅದಕ್ಕೆ ತಕ್ಕಂತೆ ಕೂರಿಸುತ್ತೇನೆ.

ಕಾರ್ಕಳದ ಕಡೆ ಒಂದು ಶಿಬಿರಕ್ಕೆ ಅಜ್ಜಿಯೊಬ್ಬರು ಬಟ್ಟೆಯಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನು ಸುತ್ತಿಕೊಂಡು ಬಂದಿದ್ದರು. ನಮ್ಮ ಹುಡುಗ ಚೀಲಕ್ಕೆ ಕೈ ಹಾಕಿ, 'ಸರ್ವೆ ನಂಬರ್ ಎಷ್ಟು ಅಜ್ಜಿ?' ಎಂದ. ಅಜ್ಜಿ ಚೀಲವನ್ನು ಮಡಿಲಿಗೆ ಎಳೆದುಕೊಂಡರು. ನಾನು ಕಣ್ಸನ್ನೆ ಮಾಡಿದೆ. ಅವನಿಗೆ ಅರ್ಥವಾಯಿತು. ಚೀಲ ಬಿಟ್ಟು, ಕುರ್ಚಿ ಹತ್ತಿರ ಎಳೆದುಕೊಂಡು, 'ದಾದ ಆಂಡ್ ಅಜ್ಜೀ?' (ಏನಾಯಿತು ಅಜ್ಜೀ?) ಎಂದು ತುಳುವಿನಲ್ಲಿ ಕೇಳಿದ.

ಅಜ್ಜಿ ಮುಕ್ಕಾಲು ಗಂಟೆ ಮಾತಾಡಿದರು. ಅಣ್ಣ ತೀರಿಹೋದದ್ದು, ತೋಟ ಮಾರಿದ್ದು, ಹೊಸಬರು ಬೇಲಿ ಹಾಕಿದ್ದು. ಅವರಿಗೆ ಪಾಲು ಬೇಡವಾಗಿತ್ತು. ಬಾವಿಗೆ ಹೋಗುವ ಕಾಲುದಾರಿ ಬೇಕಾಗಿತ್ತು. ಚೀಲದ ಯಾವ ಕಾಗದದಲ್ಲೂ ಆ ದಾರಿಯ ಸುದ್ದಿಯೇ ಇರಲಿಲ್ಲ.

ಆಮೇಲೆ ಹುಡುಗ ಕೇಳಿದ ಎರಡು ಪ್ರಶ್ನೆ ನನಗೆ ಬಹಳ ಸಂತೋಷ ಕೊಟ್ಟವು. 'ಆ ದಾರಿಯಲ್ಲಿ ಎಷ್ಟು ವರ್ಷದಿಂದ ಹೋಗ್ತಿದ್ದೀರಿ? ಬೇಲಿ ಹಾಕಿದ್ದು ಯಾವಾಗ?' 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ, ಬೇರೆಯವರ ಜಾಗದಲ್ಲಿ ಇಂಥ ದಾರಿಯ ಹಕ್ಕು ಸಿಗಬೇಕಾದರೆ, ಇಪ್ಪತ್ತು ವರ್ಷ ಹಕ್ಕಿನಿಂದ, ಎಲ್ಲರಿಗೂ ಕಾಣುವಂತೆ, ತಡೆ ಇಲ್ಲದೆ ನಡೆದಿರಬೇಕು, ಅಡ್ಡಿಯಾದ ಎರಡು ವರ್ಷದ ಒಳಗೆ ದಾವೆ ಹಾಕಬೇಕು. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಅವನು ಕೊನೇ ಬೆಂಚಿನಲ್ಲಿ ಆಕಳಿಸುತ್ತಿದ್ದವನು. ಅಜ್ಜಿ ಮದುವೆಯಾದಂದಿನಿಂದ ಆ ದಾರಿಯಲ್ಲೇ ನೀರು ತಂದವರು. ಬೇಲಿ ಬಂದು ಹದಿನಾಲ್ಕು ತಿಂಗಳಾಗಿತ್ತು. ಸಮಯ ಇತ್ತು.

ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಅದನ್ನು ಅಜ್ಜಿಗೆ ವಿವರಿಸಿ, ಅವನು ಅಲ್ಲೇ ಕೂತು ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಬರೆದ, ಕನ್ನಡದಲ್ಲಿ, ಒಂದೂವರೆ ಪುಟ. ತುಳುವಿನಲ್ಲಿ ಓದಿ ಹೇಳಿದ. ಅಜ್ಜಿ ಎರಡು ಕಡೆ ನಿಲ್ಲಿಸಿ ತಿದ್ದಿಸಿದರು, ಆಮೇಲೆ ಹೆಬ್ಬೆಟ್ಟು ಒತ್ತಿದರು.